ಮಂತ್ರದ ಪುಸ್ತಕ, ಹಾಡಿನ ಪುಸ್ತಕ

ಈ ಸಲದ ಬರಹ ಮೈಸೂರಿನಿಂದ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮಿಲ್ವಾಕಿ ನಗರದ ಹತ್ತಿರ ಇರುವ ಮಗಳ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದೆ. ಮಕ್ಕಳ ಮನೆಗೆ ಬಂದ ನಮ್ಮಂಥವರಿಗೆ ಇಲ್ಲಿ ಏನು ಕೆಲಸ ಅಂತ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಅಡುಗೆ ಮಾಡೋದು, ಒಣಗಿದ ಬಟ್ಟೆ ಮಡಿಸೋದು, ಕಿಟಕಿಯಿಂದ ಹಿಮ ನೋಡೋದು, ಊರಲ್ಲಿ ಈಗ ಬೆಳಗಾಗಿರಬಹುದಾ ಅಂತ ಗಡಿಯಾರ ನೋಡೋದು. ಅಷ್ಟೇ.

ಶನಿವಾರ ಮಾತ್ರ ಮನೆ ತುಂಬಿ ಹೋಗುತ್ತೆ. ಹದಿಮೂರು ವರ್ಷದ ಮೊಮ್ಮಗ, ಅವನ ನಾಲ್ಕು ಜನ ಸ್ನೇಹಿತರು, ಅವರಲ್ಲೊಬ್ಬನ ಅಣ್ಣ ಎಲ್ಲ ಸೇರಿ ಕೆಳಗಿನ ಬೇಸ್‌ಮೆಂಟಿನಲ್ಲಿ ಮಧ್ಯಾಹ್ನ ಎರಡಕ್ಕೆ ಕೂತರೆ ಸಂಜೆ ಆರರವರೆಗೆ ಏಳುವುದಿಲ್ಲ. ಟೀವಿ ಇಲ್ಲ, ಕಂಪ್ಯೂಟರ್ ಇಲ್ಲ. ಮೇಜಿನ ತುಂಬಾ ಕಾಗದ, ಪೆನ್ಸಿಲ್, ಬಣ್ಣಬಣ್ಣದ ದಾಳಗಳು. ನಮ್ಮ ಪಗಡೆ ದಾಳದ ಹಾಗಲ್ಲ, ಒಂದಕ್ಕೆ ಇಪ್ಪತ್ತು ಮುಖ. ಮೊದಮೊದಲು ನಾನು ಚಕ್ಕುಲಿ ತಟ್ಟೆ ಇಟ್ಟು ಮೇಲೆ ಬಂದುಬಿಡುತ್ತಿದ್ದೆ.

ಒಂದು ಶನಿವಾರ ತಟ್ಟೆ ಇಡಲು ಹೋದಾಗ ನೋಡ್ತೀನಿ, ನಮ್ಮ ಹುಡುಗ ಪಕ್ಕದ ಹುಡುಗಿಯ ನೋಟ್‌ಬುಕ್ ತೆರೆದಿಟ್ಟುಕೊಂಡು ತನ್ನ ಪುಸ್ತಕಕ್ಕೆ ಬರೆದುಕೊಳ್ತಾ ಇದ್ದಾನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳಿಗೆ ಇದನ್ನು ನೋಡಿ ಸುಮ್ಮನೆ ಇರೋಕಾಗುತ್ತಾ?

"ಏನೋ ಅದು, ಕಾಪಿ ಹೊಡೀತಿದ್ದೀಯಾ?" ಅಂದೆ.

"ಹೂಂ ಅಜ್ಜಿ, ಕಾಪಿನೇ. ಆದ್ರೆ ರೂಲ್ ಪ್ರಕಾರ. ಇದಕ್ಕೆ ನಾನು ನೂರು ಚಿನ್ನದ ನಾಣ್ಯ ಕೊಟ್ಟಿದ್ದೀನಿ," ಅಂದ.

ಅಲ್ಲಿಂದ ಶುರುವಾಯಿತು ನನ್ನ ಪಾಠ.

ಈ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಒಬ್ಬ ಕಥೆ ನಡೆಸುತ್ತಾನೆ, ಅವನಿಗೆ ಡಂಜನ್ ಮಾಸ್ಟರ್ ಅನ್ನುತ್ತಾರೆ. ಉಳಿದವರು ಒಬ್ಬೊಬ್ಬರು ಕಥೆಯೊಳಗಿನ ಒಂದೊಂದು ಪಾತ್ರ. ಒಬ್ಬ ಕತ್ತಿ ಹಿಡಿದ ಯೋಧ, ಒಬ್ಬಳು ಗಾಯ ವಾಸಿ ಮಾಡುವ ಪೂಜಾರಿ, ಒಬ್ಬ ಕಳ್ಳ. ನಮ್ಮ ಹುಡುಗನೂ ಆ ಹುಡುಗಿಯೂ ಮಾಂತ್ರಿಕರು. "ಗುಹೆಯ ಬಾಗಿಲಲ್ಲಿ ನಿಂತಿದ್ದೀರಿ, ಒಳಗೆ ಏನೋ ಉಸಿರಾಡುವ ಸದ್ದು. ಏನು ಮಾಡ್ತೀರಿ?" ಅಂತ ಮಾಸ್ಟರ್ ಕೇಳುತ್ತಾನೆ. ಇವರು ಹೇಳಿದ್ದು ನಡೆಯುತ್ತೋ ಇಲ್ಲವೋ ಅನ್ನೋದನ್ನ ದಾಳ ತೀರ್ಮಾನ ಮಾಡುತ್ತೆ. ನಾವು ಚಿಕ್ಕವರಿದ್ದಾಗ ರಾಜ, ಮಂತ್ರಿ, ಕಳ್ಳ ಅಂತ ಆಡುತ್ತಿರಲಿಲ್ಲವೇ, ಅದಕ್ಕೆ ಮುನ್ನೂರು ಪುಟದ ಕಾನೂನು ಪುಸ್ತಕ ಬರೆದರೆ ಹೇಗಿರುತ್ತೆ, ಹಾಗೆ.

ಆ ಕಾನೂನು ಪುಸ್ತಕವನ್ನ ಒಂದು ವಾರ ಮಧ್ಯಾಹ್ನದ ಹೊತ್ತು ಓದಿದೆ. ಯುದ್ಧದ ಅಧ್ಯಾಯಗಳು ನನ್ನ ತಲೆಗೆ ಹತ್ತಲಿಲ್ಲ. ಆದರೆ ಮಾಂತ್ರಿಕರು ವಿದ್ಯೆ ಕಲಿಯುವ ಭಾಗ ಮಾತ್ರ ಬಿಡದೆ ಓದಿಸಿಕೊಂಡಿತು.

ಮಾಂತ್ರಿಕನಿಗೆ ವಿದ್ಯೆ ಹುಟ್ಟಿನಿಂದ ಬರೋದಿಲ್ಲ, ಅವನು ಓದಿ ಕಲಿಯಬೇಕು. ಅವನ ಹತ್ತಿರ ಒಂದು ಮಂತ್ರದ ಪುಸ್ತಕ ಇರುತ್ತೆ. ಆಟ ಶುರುವಾದಾಗ ಅದರಲ್ಲಿ ಆರೇ ಮಂತ್ರ. ಒಂದೊಂದು ಮೆಟ್ಟಿಲು ಮೇಲೆ ಹೋದಾಗಲೂ ಎರಡೆರಡು ಸೇರುತ್ತವೆ. ಅದಕ್ಕಿಂತ ಹೆಚ್ಚು ಬೇಕು ಅಂದರೆ ಇನ್ನೊಬ್ಬರ ಪುಸ್ತಕ ಹುಡುಕಿ ಬರೆದುಕೊಳ್ಳಬೇಕು. ಮಂತ್ರಗಳಿಗೂ ನಮ್ಮ ತರಗತಿಗಳ ಹಾಗೆ ಒಂದು, ಎರಡು, ಮೂರು ಅಂತ ಒಂಬತ್ತರವರೆಗೆ ಮಟ್ಟಗಳಿವೆ. ಒಂದು ಮಟ್ಟಕ್ಕೆ ಎರಡು ಗಂಟೆ ಸಮಯ, ಐವತ್ತು ಚಿನ್ನದ ನಾಣ್ಯ ಖರ್ಚು. ಮೂರನೇ ಮಟ್ಟದ ಮಂತ್ರ ಬರೆದುಕೊಳ್ಳೋಕೆ ಆರು ಗಂಟೆ, ನೂರೈವತ್ತು ನಾಣ್ಯ. ಶಾಯಿಗೂ, ಅಭ್ಯಾಸ ಮಾಡುವಾಗ ಹಾಳಾಗುವ ಸಾಮಗ್ರಿಗೂ ಆ ದುಡ್ಡು.

"ಬರೀ ನೋಡ್ಕೊಂಡು ಬರೆಯೋದಕ್ಕೆ ಆರು ಗಂಟೆ ಯಾಕೋ?" ಅಂತ ಕೇಳಿದೆ.

"ಒಬ್ಬೊಬ್ಬ ಮಾಂತ್ರಿಕ ಒಂದೊಂದು ಥರ ಗುರುತು ಹಾಕ್ಕೊಂಡು ಬರೆದಿರ್ತಾನೆ ಅಜ್ಜಿ. ಮೊದಲು ಅದನ್ನ ಬಿಡಿಸ್ಬೇಕು, ಆಮೇಲೆ ಅಭ್ಯಾಸ ಮಾಡ್ಬೇಕು. ಅರ್ಥ ಆದ್ಮೇಲೆ ನನ್ನ ಗುರುತಿನಲ್ಲಿ ಬರ್ಕೋಬೇಕು."

ಆಟದೊಳಗಿನ ಆರು ಗಂಟೆ ಬರೀ ಬಾಯಿಮಾತಿನಲ್ಲಿ ಕಳೆಯುತ್ತೆ. ಆದರೆ ಇವರ ಮಾಸ್ಟರ್ ತಾನೇ ಒಂದು ನಿಯಮ ಸೇರಿಸಿದ್ದಾನೆ. ಪಡೆದ ಮಂತ್ರವನ್ನ ನೋಟ್‌ಬುಕ್ಕಿನಲ್ಲಿ ನಿಜವಾಗಲೂ ಕೈಯಲ್ಲಿ ಬರೆದಿರಬೇಕು, ಇಲ್ಲದಿದ್ದರೆ ಅದು ಬರೋದಿಲ್ಲ. ಶಾಲೆಯಲ್ಲಿ ಎಲ್ಲ ಟೈಪ್ ಮಾಡುವ ಈ ಮಕ್ಕಳು ನಾಲಿಗೆ ಹೊರಗೆ ಹಾಕಿಕೊಂಡು ಪೆನ್ಸಿಲಿನಲ್ಲಿ ಬರೆಯೋದನ್ನ ನೋಡಿದರೆ, ಆ ಮಾಸ್ಟರ್ ಹುಡುಗನಿಗೆ ಇನ್ನೂ ಎರಡು ಚಕ್ಕುಲಿ ಹೆಚ್ಚಿಗೆ ಕೊಡೋಣ ಅನ್ನಿಸುತ್ತೆ.

ಸುರುಳಿಗಳೂ ಇವೆ. ಒಂದೇ ಒಂದು ಮಂತ್ರ ಬರೆದಿಟ್ಟ ಹಾಳೆ. ಅದರಿಂದಲೂ ಬರೆದುಕೊಳ್ಳಬಹುದು, ಆದರೆ ದಾಳ ಹಾಕಿ ಗೆಲ್ಲಬೇಕು. ಗೆಲ್ಲಲಿ, ಸೋಲಲಿ, ಸುರುಳಿ ಮಾತ್ರ ನಾಶ. ಪುಸ್ತಕದಿಂದ ಬರೆದುಕೊಂಡರೆ ಹಾಗಲ್ಲ. ಕೊಟ್ಟವರ ಪುಸ್ತಕದಲ್ಲೂ ಮಂತ್ರ ಇದ್ದೇ ಇರುತ್ತೆ, ತೆಗೆದುಕೊಂಡವರಿಗೂ ಸಿಗುತ್ತೆ.

ಇನ್ನೊಂದು ವಿಷಯ. ಪುಸ್ತಕದಲ್ಲಿ ಇರೋದೆಲ್ಲ ಯಾವಾಗಲೂ ಬಾಯಿಗೆ ಬರೋದಿಲ್ಲ. ರಾತ್ರಿ ನಿದ್ದೆ ಮಾಡಿ ಎದ್ದ ಮೇಲೆ ಪುಸ್ತಕ ತೆರೆದು, ಆವತ್ತಿಗೆ ಬೇಕಾದ ಕೆಲವನ್ನು ಮಾತ್ರ ಸಿದ್ಧ ಮಾಡಿಕೊಳ್ಳಬೇಕು. ನಮ್ಮ ಹುಡುಗನ ಮಾಂತ್ರಿಕ ಐದನೇ ಮೆಟ್ಟಿಲಲ್ಲಿದ್ದಾನೆ. ಪುಸ್ತಕದಲ್ಲಿ ಹದಿನೇಳು ಮಂತ್ರ, ಸಿದ್ಧ ಮಾಡಿಕೊಳ್ಳಬಹುದಾದದ್ದು ಒಂಬತ್ತು. ಹಳೆಯ ನಿಯಮ ಇನ್ನೂ ಬಿಗಿಯಾಗಿತ್ತಂತೆ. ಒಂದು ಸಲ ಮಂತ್ರ ಹೇಳಿದರೆ ಅದು ತಲೆಯಿಂದ ಅಳಿಸಿಯೇ ಹೋಗುತ್ತಿತ್ತು, ಮಾರನೇ ದಿನ ಮತ್ತೆ ಓದಬೇಕಿತ್ತು. ಆ ಕಲ್ಪನೆ ಬಂದದ್ದು ಜ್ಯಾಕ್ ವ್ಯಾನ್ಸ್ ಅನ್ನುವ ಲೇಖಕ 1950ರಲ್ಲಿ ಪ್ರಕಟಿಸಿದ ‘ದ ಡೈಯಿಂಗ್ ಅರ್ಥ್’ ಅನ್ನುವ ಕಥೆಗಳ ಪುಸ್ತಕದಿಂದ. ಆ ಋಣಕ್ಕೋ ಏನೋ, ಆಟದಲ್ಲಿ ವೆಕ್ನಾ ಅಂತ ಒಬ್ಬ ಭಯಂಕರ ಮಾಂತ್ರಿಕನಿದ್ದಾನೆ. ವ್ಯಾನ್ಸ್ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನ ಅದಲುಬದಲು ಮಾಡಿ ಇಟ್ಟ ಹೆಸರು ಅದು.

1978ರ ನಿಯಮ ಪುಸ್ತಕದಲ್ಲಿ ಇನ್ನೂ ಒಂದು ಕಠಿಣ ಕಟ್ಟಳೆ ಇತ್ತು. ಮಾಂತ್ರಿಕನ ಬುದ್ಧಿಯ ಅಂಕ ನೋಡಿ, ಪ್ರತಿ ಮಂತ್ರಕ್ಕೂ ಅದು ಅವನಿಗೆ ಹತ್ತುತ್ತಾ ಇಲ್ಲವಾ ಅಂತ ದಾಳ ಹಾಕಬೇಕು. ಬುದ್ಧಿ ಹದಿನೆಂಟಿದ್ದರೆ ನೂರಕ್ಕೆ 85ರಷ್ಟು ಅವಕಾಶ, ಒಂಬತ್ತಿದ್ದರೆ 35. ಹತ್ತಲಿಲ್ಲ ಅಂದರೆ ಆ ಮಂತ್ರ ಎದುರಿಗೇ ಇದ್ದರೂ ಅವನಿಗಿಲ್ಲ. ಒಂದೇ ಪರೀಕ್ಷೆಯಲ್ಲಿ ನಪಾಸಾದರೆ ಜೀವನಪೂರ್ತಿ ನಪಾಸು ಅಂದ ಹಾಗೆ. ಈಚಿನ ನಿಯಮಗಳಲ್ಲಿ ಅದನ್ನ ತೆಗೆದುಹಾಕಿದ್ದು ಒಳ್ಳೇದಾಯ್ತು. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ‘ಸಾರ್ಸರರ್’ ಅಂತ ಇನ್ನೊಂದು ಜಾತಿಯ ಮಾಂತ್ರಿಕರೂ ಸೇರಿಕೊಂಡರು. ಅವರಿಗೆ ಪುಸ್ತಕವೇ ಬೇಡ, ವಿದ್ಯೆ ರಕ್ತದಲ್ಲೇ ಬಂದಿರುತ್ತೆ. ಆದರೆ ಅವರಿಗೆ ಬರೋದು ಕೆಲವೇ ಮಂತ್ರ. ಸಂಗೀತ ಕಲಿಯದೆ ಇಂಪಾಗಿ ಹಾಡುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರಲ್ಲ, ಹಾಗೆ.

ನನ್ನ ಆಸಕ್ತಿ ನೋಡಿ ಅಳಿಯ ಒಂದು ಭಾನುವಾರ ಲೇಕ್ ಜಿನೀವಾ ಅನ್ನುವ ಊರಿಗೆ ಕರೆದುಕೊಂಡು ಹೋದ. ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಹೆಸರಿಗೆ ತಕ್ಕ ಹಾಗೆ ದೊಡ್ಡ ಕೆರೆ, ಸುತ್ತ ಸಣ್ಣ ಊರು. ಈ ಆಟ ಹೊರಬಂದದ್ದು ಆ ಊರಿನಿಂದ, 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಅಂತ ಇಬ್ಬರು ಸೇರಿ ಮಾಡಿದ್ದು. ಗೈಗ್ಯಾಕ್ಸ್‌ಗೆ ವಿಮೆ ಕಂಪನಿಯ ಕೆಲಸ ಹೋಗಿ, ಸಂಸಾರ ಸಾಗಿಸೋಕೆ ಚಪ್ಪಲಿ ಶೂ ರಿಪೇರಿ ಮಾಡುತ್ತಿದ್ದರಂತೆ. ಮೊದಲು ಅಚ್ಚು ಹಾಕಿಸಿದ್ದು ಒಂದು ಸಾವಿರ ಪ್ರತಿ. ಇವತ್ತು ಲೋಕದ ತುಂಬಾ ಆಡುತ್ತಾರೆ.

ಆಗ ಅವರ ಮನೆಯ ಮಕ್ಕಳು, ಸ್ನೇಹಿತರು ಆಡುತ್ತಿದ್ದ ಮಾಂತ್ರಿಕರ ಹೆಸರು ಇವತ್ತಿಗೂ ಮಂತ್ರಗಳ ಜೊತೆ ಉಳಿದಿದೆ. ಸಾಮಾನು ಹೊರುವ ತೇಲುವ ತಟ್ಟೆಯ ಮಂತ್ರವೊಂದಿದೆ, ಅದು ಟೆನ್ಸರ್ ಎಂಬಾತನದ್ದು. ಗೈಗ್ಯಾಕ್ಸ್ ಅವರ ಮಗ ಅರ್ನೆಸ್ಟ್ ತನ್ನ ಹೆಸರಿನ ಅಕ್ಷರ ತಿರುಗಿಸಿ ಇಟ್ಟುಕೊಂಡದ್ದು ಆ ಹೆಸರು. ಡ್ರಾಮಿಜ್ ಅನ್ನೋದು ಜಿಮ್ ವಾರ್ಡ್ ಎಂಬ ಸ್ನೇಹಿತನ ಹೆಸರನ್ನ ಇಂಗ್ಲಿಷಿನಲ್ಲಿ ಹಿಂದಿನಿಂದ ಮುಂದಕ್ಕೆ ಬರೆದದ್ದು. ಇದನ್ನ ಓದಿದಾಗ ನನಗೆ ನಮ್ಮ ಹಾಡುಗಳ ಕೊನೇ ನುಡಿಯಲ್ಲಿ ಬರುವ ಅಂಕಿತ ನೆನಪಾಯಿತು. ಯಾರೋ ಎಲ್ಲೋ ಕೂತು ಬರೆದುಕೊಳ್ಳುವಾಗ ಮಾಡಿದವರ ಹೆಸರೂ ಜೊತೆಗೇ ಹೋಗುತ್ತೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ.

ನಮ್ಮ ಹುಡುಗನ ಮಾಂತ್ರಿಕನಿಗೆ ಒಂದು ಗುಹೆಯಲ್ಲಿ ಸತ್ತುಹೋದ ಹಳೇ ಮಾಂತ್ರಿಕನ ಪುಸ್ತಕ ಸಿಕ್ಕಿತ್ತು. ಅದರಲ್ಲಿ ಬೆಂಕಿಯ ಚೆಂಡಿನ ಮಂತ್ರ ಇತ್ತು, ಇವರು ಫೈರ್‌ಬಾಲ್ ಅನ್ನುತ್ತಾರೆ. ಅದೊಂದಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ. ನೂರೈವತ್ತು ನಾಣ್ಯ ಖರ್ಚು ಮಾಡಿ, ಒಂದು ಮಧ್ಯಾಹ್ನವೆಲ್ಲ ಕೂತು ಬರೆದುಕೊಂಡ. ಆ ಹಳೇ ಪುಸ್ತಕ ಗುಹೆ ಕುಸಿದಾಗ ಅಲ್ಲೇ ಉಳಿಯಿತು. ಮುಂದಿನ ವಾರ ಆ ಹುಡುಗಿ ಕೇಳಿದಳು, "ನನಗೂ ಬರ್ಕೊಳ್ಳೋಕೆ ಕೊಡ್ತೀಯಾ?" ಇವನು ಕೊಡಲಿಲ್ಲ. ಮೊದಲು ಎರಡು ಮಂತ್ರ ಅವಳ ಹತ್ತಿರ ವಿನಿಮಯ ಮಾಡಿಕೊಂಡಿದ್ದವನು ಇದನ್ನ ಮಾತ್ರ ಬಿಡಲಿಲ್ಲ. ಅವಳು ಹಣ ಕೊಡ್ತೀನಿ ಅಂದಳು. ಅದಕ್ಕೂ ಒಂದು ದರ ಇತ್ತು ನೋಡಿ. ಮೂರನೇ ಆವೃತ್ತಿಯ ಕಾಲದಲ್ಲಿ ಮಾಂತ್ರಿಕರು ತಮ್ಮ ಪುಸ್ತಕ ತೋರಿಸೋಕೆ ಮಟ್ಟಕ್ಕೆ ಐವತ್ತು ನಾಣ್ಯ ಶುಲ್ಕ ತೆಗೆದುಕೊಳ್ಳೋದು ವಾಡಿಕೆ ಅಂತ ಪುಸ್ತಕದಲ್ಲೇ ಬರೆದಿದ್ದರು. ಇವನು ಅದಕ್ಕೂ ಒಪ್ಪಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನನ್ನನ್ನ ಕೇಳಿದ. "ನಾನು ಮಾಡಿದ್ದು ಸರಿ ತಾನೆ ಅಜ್ಜಿ? ಅವಳಿಗೂ ಕೊಟ್ಬಿಟ್ರೆ ನಾನ್ಯಾಕೆ ಸ್ಪೆಷಲ್?"

"ಸರಿಯಾಗೇ ಮಾಡ್ದೆ ಬಿಡು. ಕಷ್ಟಪಟ್ಟು ಸಂಪಾದಿಸಿದ್ದನ್ನ ಕೇಳಿದವರಿಗೆಲ್ಲ ಕೊಡೋಕಾಗುತ್ತಾ?" ಅಂದೆ.

ಹೇಳಿಬಿಟ್ಟೆ. ಆಮೇಲೆ ಹಾಸಿಗೆ ಮೇಲೆ ಮಲಗಿದರೆ ನಿದ್ದೆ ಬರಲಿಲ್ಲ. ಆ ಮಾತನ್ನ ನಾನು ಹಿಂದೆಯೂ ಒಂದು ಸಲ ಹೇಳಿದ್ದೆ.

ನಮ್ಮಮ್ಮನ ಹತ್ತಿರ ಒಂದು ಹಾಡಿನ ಪುಸ್ತಕ ಇತ್ತು. ಉದ್ದನೆಯ ಲೆಕ್ಕದ ನೋಟ್‌ಬುಕ್ಕು, ಖಾಕಿ ರಟ್ಟು. ಹಸೆಗೆ ಕರೆಯುವ ಹಾಡು, ಉರುಟಣೆ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು, ಆರತಿ ಹಾಡು ಎಲ್ಲ ಸೇರಿ ಎಪ್ಪತ್ತಕ್ಕೂ ಹೆಚ್ಚು. ಅಮ್ಮ ಹೋದ ಮದುವೆಮನೆಗಳಲ್ಲೆಲ್ಲ ಯಾರ್ಯಾರದೋ ಪಕ್ಕ ಕೂತು ಬರೆದುಕೊಂಡದ್ದು. ಅಮ್ಮನ ಗುರುತುಗಳೂ ಬೇರೆಯೇ. ಪಲ್ಲವಿಗೆ ಬರೀ ‘ಪ’, ಎರಡು ಸಲ ಹೇಳಬೇಕಾದ ಕಡೆ ಎರಡು ಅಡ್ಡಗೆರೆ, ಹಾಡಿನ ತಲೆಯ ಮೇಲೆ ಇಂಥ ಹಾಡಿನ ಧಾಟಿ ಅಂತ ಒಂದು ಸಾಲು. ಆ ಇನ್ನೊಂದು ಹಾಡು ಗೊತ್ತಿಲ್ಲದಿದ್ದರೆ ಇದನ್ನ ಹಾಡೋಕಾಗಲ್ಲ. ಅಮ್ಮ ತೀರಿಕೊಂಡ ಮೇಲೆ ಪುಸ್ತಕ ನನಗೆ ಬಂತು.

2001ರಲ್ಲಿ ನನ್ನ ನಾದಿನಿಯ ಮಗಳ ಮದುವೆ ಗೊತ್ತಾಯಿತು. ನಾದಿನಿ ಪುಸ್ತಕ ಕೇಳಿದಳು. "ಅಮ್ಮನ ಪುಸ್ತಕ ಮನೆಯಿಂದ ಹೊರಗೆ ಹೋಗಲ್ಲ" ಅಂದೆ. ಇಲ್ಲೇ ಕೂತು ಬರ್ಕೊಳ್ತೀನಿ ಅತ್ತಿಗೆ ಅಂದಳು. ನೋಡೋಣ ಅಂತ ಮುಂದೂಡಿದೆ. ನಿಜ ಹೇಳಬೇಕೆಂದರೆ, ನಮ್ಮ ಕಡೆ ಯಾವ ಮದುವೆ ಆದರೂ ಹಾಡು ಹೇಳೋಕೆ ನನ್ನನ್ನೇ ಕರೆಯುತ್ತಿದ್ದರು. ಅವಳಿಗೂ ಕೊಟ್ಟರೆ ನಾನ್ಯಾಕೆ ಸ್ಪೆಷಲ್ಲು? ಅದೇ.

ಗೌರಿ ಹಬ್ಬಕ್ಕೆ ಅವಳು ನಮ್ಮನೆಗೆ ಬಂದಿದ್ದಳು. ಬೆಳಗಿನ ಜಾವ ಎದ್ದು ನೋಡಿದರೆ ಅಡುಗೆಮನೆಯಲ್ಲಿ ದೀಪ. ನೆಲದ ಮೇಲೆ ಕೂತು ಅಮ್ಮನ ಪುಸ್ತಕದಿಂದ ಬರೆದುಕೊಳ್ತಾ ಇದ್ದಾಳೆ. ಹನ್ನೊಂದು ಹಾಡು ಮುಗಿದಿತ್ತು, ಹನ್ನೆರಡನೇದು ಅರ್ಧ. ನಾನು ಪುಸ್ತಕ ಕಿತ್ತುಕೊಂಡೆ. "ಕಷ್ಟಪಟ್ಟು ಸಂಪಾದಿಸಿದ್ದನ್ನ ಕೇಳಿದವರಿಗೆಲ್ಲ ಕೊಡೋಕಾಗಲ್ಲ, ಕದಿಯೋದು ನಿಮ್ಮನೆ ಬುದ್ಧಿಯೇನೋ" ಅಂದುಬಿಟ್ಟೆ. ಅವಳ ಮನೆ ಅಂದರೆ ನಮ್ಮ ಯಜಮಾನರ ಮನೆಯೂ ಹೌದು ಅನ್ನೋದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಅವಳು ಒಂದು ಮಾತೂ ಆಡಲಿಲ್ಲ. ಮದುವೆಯಲ್ಲಿ ಉರುಟಣೆಗೆ ಕೂರಿಸಿದಾಗ ನನ್ನ ಕಡೆ ಒಂದು ಸಲ ನೋಡಿದಳು. ಗಂಟಲು ಕೆಟ್ಟಿದೆ ಅಂತ ನಾನು ಹಾಡಲಿಲ್ಲ.

ಆಮೇಲೆ ಹಬ್ಬಹರಿದಿನಕ್ಕೆ, ಸಾವುನೋವಿಗೆ ಹೋಗಿಬರೋದು ನಿಲ್ಲಲಿಲ್ಲ. ಆದರೆ ಮೊದಲಿನ ಮಾತು ನಿಂತುಹೋಯಿತು.

2009ರಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿದ್ದ ಟ್ರಂಕು ಇಳಿಸಿದೆ. ಭದ್ರವಾಗಿರಲಿ ಅಂತ ಅಲ್ಲಿಟ್ಟಿದ್ದೆ. ತಳ ತುಕ್ಕು ಹಿಡಿದು ತೂತಾಗಿ ಗೆದ್ದಲು ಹತ್ತಿತ್ತು. ಖಾಕಿ ರಟ್ಟು ಮಾತ್ರ ಕೈಗೆ ಬಂತು, ಒಳಗಿನದೆಲ್ಲ ಮಣ್ಣು. ಇದನ್ನ ನಾನು ಯಜಮಾನರಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ನಾದಿನಿಗೆ ಹೇಳಬೇಕು ಅನ್ನಿಸಿದಾಗೆಲ್ಲ, ಅವಳ ಮುಂದೆ ಹೇಗೆ ಬಾಯಿ ಬಿಡೋದು ಅಂತ ಸುಮ್ಮನಾದೆ. ಅಮ್ಮನ ಪುಸ್ತಕದಲ್ಲಿ ಇದ್ದದ್ದು ಈಗ ಕಾಗದದ ಮೇಲೆ ಉಳಿದಿದ್ದರೆ ಅದು ಅವಳು ಆ ರಾತ್ರಿ ಬರೆದುಕೊಂಡ ಹನ್ನೊಂದೂವರೆ ಹಾಡು ಮಾತ್ರ.

ಮತ್ತೆ ಬೇಸ್‌ಮೆಂಟಿಗೆ ಬನ್ನಿ. ಎರಡು ವಾರದ ಹಿಂದಿನ ಶನಿವಾರ ಕಥೆಯೊಳಗೆ ನದಿ ದಾಟುತ್ತಿದ್ದರು. ದೋಣಿ ಮಗುಚಿತು. ಚೀಲ ಹಿಡಿದುಕೊಳ್ಳೋಕೆ ದಾಳ ಹಾಕು ಅಂದ ಮಾಸ್ಟರ್. ನಮ್ಮ ಹುಡುಗನಿಗೆ ಬಿದ್ದದ್ದು ಮೂರು. ಮಂತ್ರದ ಪುಸ್ತಕ ನೀರುಪಾಲು. ಮಾಸ್ಟರ್ ಮೆತ್ತಗೆ ಕೈಚಾಚಿ ಅವನ ನೋಟ್‌ಬುಕ್ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡ. ಹುಡುಗನ ಮುಖ ನೋಡೋಕಾಗಲಿಲ್ಲ. ಆಟವೇ ಇರಬಹುದು, ಆದರೆ ಆರು ತಿಂಗಳಿಂದ ಕೈಯಲ್ಲಿ ಬರೆದದ್ದು.

ನಿಯಮ ಪುಸ್ತಕದಲ್ಲಿ ಇದಕ್ಕೂ ದಾರಿ ಇದೆ. ಆವತ್ತು ಸಿದ್ಧ ಮಾಡಿಕೊಂಡಿದ್ದ ಒಂಬತ್ತು ಮಂತ್ರ ತಲೆಯಲ್ಲಿ ಇದ್ದೇ ಇರುತ್ತವೆ. ಅವನ್ನ ಹೊಸ ಪುಸ್ತಕಕ್ಕೆ ಬರೆದುಕೊಳ್ಳಬಹುದು. ತನಗೆ ಗೊತ್ತಿರೋದೇ ಆದ್ದರಿಂದ ಮಟ್ಟಕ್ಕೆ ಒಂದೇ ಗಂಟೆ, ಹತ್ತೇ ನಾಣ್ಯ. ಉಳಿದ ಎಂಟನ್ನ ಹೊರಗಿನಿಂದ ಮತ್ತೆ ಸಂಪಾದಿಸಬೇಕು. ನದಿ ಪ್ರಯಾಣಕ್ಕೆ ಬೆಂಕಿ ಯಾಕೆ ಅಂತ ಇವನು ಆವತ್ತು ಬೆಂಕಿಯ ಚೆಂಡನ್ನ ಸಿದ್ಧ ಮಾಡಿಕೊಂಡಿರಲಿಲ್ಲ.

ಆ ಹುಡುಗಿ ತನ್ನ ಪುಸ್ತಕ ತೆರೆದು ಅವನ ಮುಂದೆ ಸರಿಸಿದಳು. "ನೀನು ಕೊಟ್ಟಿದ್ದ ಎರಡು ಇಲ್ಲಿವೆ, ಬರ್ಕೋ" ಅಂದಳು. ಆಮೇಲೆ ಕುಚೋದ್ಯ ಇಲ್ಲದೆ, ಸುಮ್ಮನೆ ಲೆಕ್ಕ ಹೇಳಿದ ಹಾಗೆ ಹೇಳಿದಳು. "ಫೈರ್‌ಬಾಲ್ ಕೊಟ್ಟಿದ್ರೆ ಅದೂ ಇರ್ತಿತ್ತು."

ಆರು ಮಂತ್ರ ಹೋದವು. ಕೊಟ್ಟ ಎರಡು ಮಾತ್ರ ವಾಪಸ್ಸು ಬಂದವು.

ರಾತ್ರಿ ಹುಡುಗನಿಗೆ ಅಮ್ಮನ ಪುಸ್ತಕದ ಕಥೆ ಪೂರ್ತಿ ಹೇಳಿದೆ. ನನ್ನ ತಪ್ಪೂ ಸೇರಿಸಿ ಹೇಳಿದೆ, ಯಾಕೆಂದರೆ ಅವನಿಗೆ ಕೆಟ್ಟ ಬುದ್ಧಿ ಹೇಳಿದವಳು ನಾನೇ ಅಲ್ಲವಾ? ಅವನು ಕೇಳಿದ ಮೊದಲ ಪ್ರಶ್ನೆ, "ಬ್ಯಾಕಪ್ ಬುಕ್ ಇರಲಿಲ್ವಾ ಅಜ್ಜಿ? ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಟ್ಟಿರ್ಬೇಕು ಅಂತ ರೂಲ್ ಬುಕ್ಕಲ್ಲೇ ಇದೆ."

"ಇತ್ತು ಕಣೋ. ನಾನೇ ಅರ್ಧಕ್ಕೆ ಕಿತ್ತುಕೊಂಡೆ."

ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ನಿಂಗೆ ಪ್ರಿಪೇರ್ ಆಗಿರೋದು ಎಷ್ಟು?" ಅಂದ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಬಾಯಿಗೆ ಪೂರ್ತಿ ಬರೋದು ಇಪ್ಪತ್ತಮೂರು. ಪಲ್ಲವಿ, ಒಂದೆರಡು ನುಡಿ ಮಾತ್ರ ಬರೋದು ಒಂಬತ್ತು. ಉಳಿದದ್ದು ಗೆದ್ದಲಿಗೆ.

ಇಲ್ಲಿ ರಾತ್ರಿ ಎಂಟು ಅಂದರೆ ನಮ್ಮಲ್ಲಿ ಬೆಳಗ್ಗೆ ಏಳೂವರೆ. ಮಾರನೇ ದಿನ ನಾದಿನಿಗೆ ಫೋನ್ ಮಾಡಿದೆ.

"ಏನು ಅತ್ತಿಗೆ, ಎಲ್ಲ ಆರೋಗ್ಯ ತಾನೆ?" ಅಂತ ಗಾಬರಿಯಾದಳು. ನಾನಾಗಿ ಫೋನ್ ಮಾಡಿ ಎಷ್ಟು ಕಾಲವಾಗಿತ್ತೋ.

"ಚೆನ್ನಾಗಿದ್ದೀನಿ ಕಣೆ. ಒಂದು ವಿಷಯ ಹೇಳ್ಬೇಕು" ಅಂತ ಎಲ್ಲ ಹೇಳಿದೆ. ಟ್ರಂಕು, ಗೆದ್ದಲು, ಇಷ್ಟು ವರ್ಷ ಮುಚ್ಚಿಟ್ಟದ್ದು. ಆ ಬೆಳಗಿನ ಜಾವ ಆಡಿದ ಮಾತು ತಪ್ಪಾಯ್ತು ಅಂತಲೂ ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. ಫೋನ್ ಕಟ್ ಆಯ್ತೇನೋ ಅಂದುಕೊಂಡೆ.

"ಆವಾಗ್ಲೇ ಹೇಳ್ಬಾರದಿತ್ತಾ ಅತ್ತಿಗೆ? ಅವತ್ತೇ ಕಳಿಸ್ತಿದ್ದೆ" ಅಂದಳು. ಆಮೇಲೆ, "ಆದ್ರೆ ನಂಗೆ ಪೂರ್ತಿ ಉಪಯೋಗಕ್ಕೆ ಬರಲಿಲ್ಲ. ಏಳು ಹಾಡ್ತೀನಿ. ಇನ್ನು ನಾಲ್ಕರ ಧಾಟಿ ಗೊತ್ತಿಲ್ಲ. ಬರೀ ಮಾತು ಇದೆ. ನಿಮ್ಮನ್ನ ಕೇಳೋಣ ಅಂದ್ರೆ ಧೈರ್ಯ ಬರಲಿಲ್ಲ."

ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಮಾತು ಅವಳ ಹತ್ತಿರ, ಧಾಟಿ ನನ್ನ ಹತ್ತಿರ. ಇಬ್ಬರ ಮನೆಯಲ್ಲೂ ಆ ನಾಲ್ಕು ಹಾಡು ಮೂಕವಾಗಿ ಕೂತಿದ್ದವು.

ಆವತ್ತಿನಿಂದ ದಿನಾ ರಾತ್ರಿ ಎಂಟಕ್ಕೆ ಫೋನು. ಅವಳು ಪುಟಗಳ ಫೋಟೋ ಕಳಿಸಿದ್ದಾಳೆ. ಅಮ್ಮನ ಎರಡು ಅಡ್ಡಗೆರೆಯನ್ನ ಅವಳು ನಕ್ಷತ್ರ ಮಾಡಿಕೊಂಡಿದ್ದಾಳೆ, ‘ಪ’ ಇದ್ದ ಕಡೆ ಪಲ್ಲವಿ ಅಂತ ಪೂರ್ತಿ ಬರೆದಿದ್ದಾಳೆ. ನನ್ನ ಮೊಮ್ಮಗ ಹೇಳಿದ್ದು ನಿಜ, ಅವರವರ ಗುರುತಿಗೆ ಇಳಿಸಿಕೊಂಡರೇ ವಿದ್ಯೆ ನಮ್ಮದಾಗೋದು. ನಾನು ಧಾಟಿ ಹೇಳಿಕೊಡ್ತೀನಿ, ಅವಳು ಆ ಕಡೆಯಿಂದ ಹಾಡ್ತಾಳೆ. ಆ ಅರ್ಧ ನಿಂತ ಹನ್ನೆರಡನೇ ಹಾಡಿನ ಕೊನೇ ನುಡಿ ನನಗೆ ಬರುತ್ತೆ, ಮಧ್ಯದ ಎರಡು ನುಡಿ ಇಬ್ಬರಿಗೂ ಬರೋದಿಲ್ಲ. ಅದು ಹೋಯಿತು. ಬೇರೆ ಯಾರ ಪುಸ್ತಕದಲ್ಲಾದರೂ ಇದೆಯೋ ಹುಡುಕಬೇಕು.

ಆ ಮಾಸ್ಟರ್ ಹುಡುಗನ ಹತ್ತಿರ ‘ಆರ್ಸ್ ಮ್ಯಾಜಿಕಾ’ ಅಂತ ಇನ್ನೊಂದು ಆಟ ಇದೆ, 1987ರದ್ದು. ಅದರಲ್ಲಿ ಮಾಂತ್ರಿಕರು ಒಂದೇ ಕಡೆ ಒಟ್ಟಿಗೆ ಬದುಕುತ್ತಾರೆ, ಪುಸ್ತಕಭಂಡಾರ ಎಲ್ಲರದ್ದು. ಶಿಷ್ಯನನ್ನ ಇಟ್ಟುಕೊಂಡರೆ ಹದಿನೈದು ವರ್ಷ ಕಲಿಸಬೇಕು, ವರ್ಷದ ನಾಲ್ಕು ಋತುಗಳಲ್ಲಿ ಒಂದನ್ನಾದರೂ ಅವನ ಪಾಠಕ್ಕೇ ಕೊಡಬೇಕು. ಕಲಿಸಿದ ಆ ಋತುವಿನಲ್ಲಿ ಗುರುವಿನ ಸ್ವಂತ ಸಂಶೋಧನೆ ನಿಲ್ಲುತ್ತೆ. ಕೊಡೋದು ಪುಕ್ಕಟೆ ಅಲ್ಲ ಅನ್ನೋದನ್ನ ಈ ಆಟ ಮಾಡಿದವರು ಚೆನ್ನಾಗಿ ಅರಿತಿದ್ದಾರೆ. ಪುಸ್ತಕ ಕೊಟ್ಟರೆ ನಮ್ಮದೇನೂ ಕಡಿಮೆ ಆಗೋದಿಲ್ಲ ಅಂತ ಸುಲಭಕ್ಕೆ ಹೇಳಬಹುದು. ಸ್ವಲ್ಪ ಕಡಿಮೆ ಆಗುತ್ತೆ. ನಮ್ಮನ್ನೊಬ್ಬರನ್ನೇ ಕರೆಯೋದು ನಿಲ್ಲುತ್ತೆ. ಆದರೆ ಗೆದ್ದಲು ಹಿಡಿದ ದಿನ ಕೈಗೆ ಸಿಗೋದು ನಾವು ಕೊಟ್ಟದ್ದು, ಇಲ್ಲವೇ ನಮ್ಮಿಂದ ಕದ್ದದ್ದು, ಅಷ್ಟೇ.

ಮೊನ್ನೆ ಶನಿವಾರ ನಮ್ಮ ಹುಡುಗ ಹೊಸ ನೋಟ್‌ಬುಕ್ ತೆರೆದ. ತಲೆಯಲ್ಲಿ ಉಳಿದಿದ್ದ ಒಂಬತ್ತನ್ನ ಬರೆದಾಗಿದೆ. ಪಕ್ಕದಲ್ಲಿ ಇನ್ನೊಂದು ತೆಳ್ಳನೆಯ ಪುಸ್ತಕ ಇತ್ತು. ಏನೋ ಇದು ಅಂದರೆ, ಆ ಹುಡುಗಿಗೆ ಕೊಡೋಕೆ ಅಂದ. ನಾನೂ ಎರಡು ಪುಸ್ತಕ ತರಿಸಿದ್ದೇನೆ. ಒಂದು ನನಗೆ, ಇನ್ನೊಂದು ನಾದಿನಿಗೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಪುಸ್ತಕ ಇರಬಹುದು. ಹಾಡಿನದ್ದೋ, ಅಡುಗೆಯದ್ದೋ, ಮನೆಮದ್ದಿನದ್ದೋ. ಈ ವಾರ ಇಳಿಸಿ ನೋಡಿ. ಯಾರಾದರೂ ಬರೆದುಕೊಳ್ಳೋಕೆ ಕೇಳಿದ್ದರೆ, ಅವರ ಹೆಸರು ನಿಮಗೆ ಖಂಡಿತ ನೆನಪಿರುತ್ತೆ. ಅವರಿಗೊಂದು ಫೋನ್ ಮಾಡಿ.

ಮುಂದಿನ ತಿಂಗಳು ಮತ್ತೆ ಸಿಗೋಣ. ಅಷ್ಟು ಹೊತ್ತಿಗೆ ಇಲ್ಲಿ ಹಿಮ ಕರಗಿರುತ್ತಂತೆ.